ಪದವಿ ಎಣಿಸಿದರೆ ಸಾಲದು, ಪಹಣಿ ಓದಿಸಿ ನೋಡಿ

ಮಾನ್ಯ ಸಂಪಾದಕರೇ,

ಪದವೀಧರರು ಹೆಚ್ಚಿದರೆ ಜಿಲ್ಲೆ ಅಷ್ಟರಮಟ್ಟಿಗೆ ವಿದ್ಯಾವಂತವಾಯಿತು ಎಂದು ಬರೆಯುವುದು ರೂಢಿಯಾಗಿಬಿಟ್ಟಿದೆ. ಈ ಅಂಕಿಗಳು ಹೇಗೆ ಸಿಗುತ್ತವೆ ನೋಡಿ. ಜನಗಣತಿಯಲ್ಲಿ ಓದು ಬರಹ ಬರುತ್ತದೆಯೇ, ಎಲ್ಲಿಯವರೆಗೆ ಓದಿದ್ದಾರೆ ಎಂದು ಕೇಳುತ್ತಾರೆ. ಮನೆಯಲ್ಲಿ ಸಿಕ್ಕ ಒಬ್ಬರು ಎಲ್ಲರ ಪರವಾಗಿ ಹೇಳಿದ್ದೇ ದಾಖಲಾಗುತ್ತದೆ. ಉನ್ನತ ಶಿಕ್ಷಣದ ಒಟ್ಟು ದಾಖಲಾತಿ ಪ್ರಮಾಣವೂ 18ರಿಂದ 23 ವರ್ಷದವರ ಸಂಖ್ಯೆಗೆ ಹೋಲಿಸಿ ಕಾಲೇಜಿಗೆ ಸೇರಿದವರೆಷ್ಟು ಎಂದಷ್ಟೇ ತಿಳಿಸುತ್ತದೆ. ಕಲಿತವರೆಷ್ಟು ಎಂಬುದು ಎರಡರಲ್ಲೂ ಇಲ್ಲ.

ಮಂಡ್ಯದ ಯಾವುದೇ ರೈತರ ಮನೆಯಲ್ಲಿರುವ ಪಹಣಿಯನ್ನೇ, ಅಂದರೆ ಜಮೀನಿನ ದಾಖಲೆಯನ್ನೇ ತೆಗೆದುಕೊಳ್ಳಿ. ವಿಸ್ತೀರ್ಣ 1.25 ಎಂದಿದ್ದರೆ ಅದು ಒಂದೂಕಾಲು ಎಕರೆಯಲ್ಲ, ಒಂದು ಎಕರೆ 25 ಗುಂಟೆ. ಎಕರೆಗೆ 40 ಗುಂಟೆಯಾದ್ದರಿಂದ ಒಟ್ಟು 65 ಗುಂಟೆ. ಒಂದೂಕಾಲು ಎಂದು ಓದಿ ಕ್ರಯಕ್ಕೆ ಒಪ್ಪಿದರೆ 15 ಗುಂಟೆ ಕೈಬಿಟ್ಟಂತೆಯೇ. ಪಕ್ಕದ ಜಮೀನಿನ 0.30 ಸೇರಿಸಿ ಕ್ಯಾಲ್ಕುಲೇಟರ್ ಒತ್ತಿದರೆ 1.55 ಬರುತ್ತದೆ, ಸರಿಯಾದ ಉತ್ತರ 2 ಎಕರೆ 15 ಗುಂಟೆ. ದಶಾಂಶವನ್ನು ವರ್ಷಗಟ್ಟಲೆ ಕಲಿತವರೇ ಚುಕ್ಕಿ ಕಂಡ ಕೂಡಲೇ ಇಲ್ಲಿ ಎಡವುತ್ತಾರೆ. ಗೊಬ್ಬರದಲ್ಲೂ ಇದೇ ಪಾಡು. ಎಕರೆಗೆ 40 ಕೆ.ಜಿ. ಸಾರಜನಕ ಎಂದರೆ 40 ಕೆ.ಜಿ. ಯೂರಿಯಾ ಅಲ್ಲ. ಯೂರಿಯಾದಲ್ಲಿ ಸಾರಜನಕ ಶೇ 46, 45 ಕೆ.ಜಿ. ಮೂಟೆಯಲ್ಲಿ ಸಿಗುವುದು 20.7 ಕೆ.ಜಿ. ಸುಮಾರು ಎರಡು ಮೂಟೆ ಬೇಕು.

ಪದವಿ ಒಮ್ಮೆ ಬಂದರೆ ಕಡೆತನಕ ದಾಖಲೆಯಲ್ಲಿರುತ್ತದೆ. ಬಳಸದ ಲೆಕ್ಕ ಬರಬರುತ್ತಾ ಮರೆತುಹೋಗುತ್ತದೆ. ಆದ್ದರಿಂದ ಮಾಡಿಸಿಯೇ ನೋಡಬೇಕು. ಮಕ್ಕಳ ಮಟ್ಟಿಗೆ ಅಸರ್ ಸಮೀಕ್ಷೆ 2005ರಿಂದ ಹಳ್ಳಿ ಮನೆಗಳಿಗೇ ಹೋಗಿ ಎರಡನೇ ತರಗತಿ ಮಟ್ಟದ ಪಾಠ ಓದಿಸುತ್ತಿದೆ, ಭಾಗಾಕಾರ ಮಾಡಿಸುತ್ತಿದೆ. ದೊಡ್ಡವರಿಗೂ ಅಂಥದ್ದು ಬೇಕು. ಊರು, ಮನೆ, ಮನೆಯೊಳಗಿನ ವ್ಯಕ್ತಿ ಮೂರನ್ನೂ ಚೀಟಿ ಎತ್ತಿಯೇ ಆರಿಸಬೇಕು. ಇಲ್ಲದಿದ್ದರೆ ಹೆಚ್ಚು ಓದಿದವರೇ ಮುಂದೆ ಬರುತ್ತಾರೆ. ಪಹಣಿ, ಪಾಸ್‌ಬುಕ್, ಯೂರಿಯಾ ಚೀಲ, ಮಾತ್ರೆ ಪಟ್ಟಿ ಕೊಟ್ಟು ಇಪ್ಪತ್ತು ನಿಮಿಷ ಬಿಡಿ. ಪಕ್ಕದವರು ಹೇಳಿಕೊಡಬಾರದು, ಸಮೀಕ್ಷಕರೂ ಗಟ್ಟಿಯಾಗಿ ಓದಿ ಹೇಳಬಾರದು. ಪದವಿಯನ್ನು ಕೊನೆಯಲ್ಲಿ ಕೇಳಿ. ಮೊದಲೇ ತಿಳಿದರೆ ಅಂಕ ಕೊಡುವ ಕೈ ಬಾಗುತ್ತದೆ.

ಮಾನಸಗಂಗೋತ್ರಿಯಲ್ಲಿ ಮೈಸೂರು ವಿಶ್ವವಿದ್ಯಾಲಯದ ವಿಭಾಗಗಳೂ ಭಾರತೀಯ ಭಾಷಾ ಸಂಸ್ಥಾನವೂ ಇವೆ. ಎರಡೂ ಸೇರಿ ಮಂಡ್ಯದ ಒಂದು ತಾಲ್ಲೂಕಿನಲ್ಲಾದರೂ ಇದನ್ನು ಶುರುಮಾಡಲಿ. ಹೋಗುವಾಗ ಓದುವ ಕನ್ನಡಕ ನಾಲ್ಕಾರು ಜೊತೆಗಿರಲಿ. ಸಣ್ಣ ಅಕ್ಷರ ಕಾಣದ ಅಜ್ಜಿಯನ್ನು ಓದು ಬಾರದವರ ಪಟ್ಟಿಗೆ ಸೇರಿಸಿಬಿಡುವ ತಪ್ಪು ಆಗಬಾರದು.

– ಗಣಿತ ಶಿಕ್ಷಕರು, ಮಂಡ್ಯ