ಹಾಲ್‌ಸ್ಟಾಟ್‌ನ ಆ ಅಂಗಡಿಯಮ್ಮನಿಗೆ

ವಿಯೆನ್ನಾದಲ್ಲಿ ಓದುತ್ತಿರುವ ನಾನು ಅಕ್ಟೋಬರ್‌ನ ಒಂದು ಶನಿವಾರ ಆಸ್ಟ್ರಿಯಾದ ಸರೋವರವೊಂದರ ದಡದ ಪುಟ್ಟ ಊರು ಹಾಲ್‌ಸ್ಟಾಟ್ ನೋಡಲು ಹೋಗಿದ್ದೆ. ಅಲ್ಲಿ ರೈಲು ನಿಲ್ದಾಣವಿರುವುದು ಸರೋವರದ ಆಚೆ ದಡದಲ್ಲಿ, ದೋಣಿಯಲ್ಲಿ ದಾಟಬೇಕು. ಹೂಬಳ್ಳಿ ಬಿಡಿಸಿದ 600ಕ್ಕೂ ಹೆಚ್ಚು ತಲೆಬುರುಡೆಗಳಿರುವ ಅಸ್ಥಿಗೃಹದಲ್ಲಿ ಮೈಮರೆತು ನಿಂತಿದ್ದವನು ಮಳೆಯಲ್ಲಿ ಓಡಿ ಬರುವಷ್ಟರಲ್ಲಿ ಕೊನೆಯ ದೋಣಿ ನಡುನೀರಿನಲ್ಲಿತ್ತು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ಅಳು ಗಂಟಲಿಗೆ ಬಂದಿತ್ತು.

ಅಂಗಡಿಯ ಬಾಗಿಲು ಹಾಕುತ್ತಿದ್ದ ಹಿರಿಯ ಮಹಿಳೆಯೊಬ್ಬರು ನನ್ನನ್ನು ನೋಡಿದರು, ದೋಣಿಯನ್ನು ನೋಡಿದರು. "ಓಬರ್‌ಟ್ರೌನ್" ಎಂದಷ್ಟೇ ಹೇಳಿ ಕಾರಿನ ಕೀಲಿಕೈ ತೋರಿಸಿದರು. ಅದು ಅದೇ ಮಾರ್ಗದ ಪಕ್ಕದ ನಿಲ್ದಾಣ. ಈಚೆ ದಡದಿಂದ ರಸ್ತೆಯಲ್ಲೇ ಹೋಗಬಹುದು. ನನಗದು ತಿಳಿದೇ ಇರಲಿಲ್ಲ.

ಒದ್ದೆ ಬಟ್ಟೆಯಲ್ಲಿ ಕೂರಲು ಹಿಂಜರಿದಾಗ ತಮ್ಮ ಏಪ್ರನ್ ಮಡಚಿ ಸೀಟಿನ ಮೇಲೆ ಹಾಸಿದರು. ಬಿಸಿಗಾಳಿಯನ್ನು ನನ್ನ ಕಾಲಿನ ಕಡೆಗೆ ತಿರುಗಿಸಿದರು. ನಿಲ್ದಾಣದಲ್ಲಿ ವೇಳಾಪಟ್ಟಿಯ ಮೇಲೆ ಬೆರಳಿಟ್ಟು, ಆಟ್ನಾಂಗ್-ಪುಖ್‌ಹೈಮ್‌ನಲ್ಲಿ ರೈಲು ಬದಲಿಸಬೇಕೆಂದು ಎರಡು ಸಲ ತೋರಿಸಿದರು. ಹಣ ಕೊಡಲು ಹೋದರೆ ನನ್ನ ಮುಷ್ಟಿ ಮುಚ್ಚಿ, ಕಾಗದದಲ್ಲಿ ಸುತ್ತಿದ ಬನ್ನೊಂದನ್ನು ಕೈಗಿಟ್ಟರು.

ರೈಲು ಬರುವವರೆಗೂ ಅವರ ಕಾರು ಅಲ್ಲೇ ನಿಂತಿತ್ತು, ದೀಪ ಉರಿಸಿಕೊಂಡು. ಹೆಸರು ಕೇಳಲು ಹೊಳೆಯಲೇ ಇಲ್ಲ. "ಡಾಂಕೆ" ಎಂದು ಎಷ್ಟು ಸಲ ಹೇಳಿದೆನೋ. ನನ್ನ ಭಾಷೆಯಲ್ಲಿ ಹೇಳುವುದು ಉಳಿದಿತ್ತು. ಧನ್ಯವಾದ, ಅಮ್ಮಾ.