ಕಳೆದುಕೊಂಡವರಿಗೇ ದಂಡ ಯಾಕೆ?

ಮಾನ್ಯರೇ,

ಮನೆಯ ಬಂದೂಕಿಗೆ ಬೀಗ ಹಾಕಿಯೇ ಇಡಬೇಕು, ಕಳವಾದರೆ ಗಡುವಿನೊಳಗೆ ಪೊಲೀಸರಿಗೆ ತಿಳಿಸದಿದ್ದರೆ ದಂಡ ಎನ್ನುವ ಮಸೂದೆಗಳು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಮತ್ತೆ ಮತ್ತೆ ಬರುತ್ತಿವೆ. ಇಲ್ಲೇ ನೆಲೆಸಿರುವ ನಾನು ಇವನ್ನು ಒಪ್ಪುವುದಿಲ್ಲ.

ಹಳ್ಳಿ ಕಡೆಯ ಎಷ್ಟೋ ಟೌನ್‌ಶಿಪ್‌ಗಳಲ್ಲಿ (ಇಲ್ಲಿನ ಸ್ಥಳೀಯ ಆಡಳಿತ ಘಟಕಗಳಲ್ಲಿ) ಸ್ವಂತ ಪೊಲೀಸರೇ ಇಲ್ಲ. ರಾಜ್ಯ ಪೊಲೀಸರು ದೂರದಿಂದ ಬರಬೇಕು. ನಡುರಾತ್ರಿ ಯಾರೋ ಹಿಂಬಾಗಿಲು ಒದೆಯುತ್ತಿರುವಾಗ, ನಡುಗುವ ಕೈಯಲ್ಲಿ ಬಂದೂಕಿನ ಪೆಟ್ಟಿಗೆಯ ಬೀಗದ ನಂಬರ್ ಒತ್ತುತ್ತಾ ಕೂರೋಕಾಗುತ್ತಾ? ಮನೆಯ ಬಂದೂಕನ್ನು ಬಿಡಿಭಾಗಗಳಾಗಿ ಬಿಚ್ಚಿಡಿ, ಇಲ್ಲವೇ ಟ್ರಿಗರ್‌ಗೆ ಬೀಗ ಹಾಕಿ ಎಂಬ ವಾಷಿಂಗ್ಟನ್ ಡಿ.ಸಿ.ಯ ನಿಯಮವನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಹೆಲ್ಲರ್ ಪ್ರಕರಣದಲ್ಲಿ ತಳ್ಳಿಹಾಕಿತು. ಮಕ್ಕಳಿರುವ ಮನೆಯಲ್ಲಿ ಬೀಗ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂಟಿ ಅಜ್ಜಿಗೂ ಅದೇ ಕಟ್ಟಳೆ ಯಾಕೆ?

ಜಿಂಕೆ ಬೇಟೆ ಮುಗಿದ ಮೇಲೆ ಅಟ್ಟಕ್ಕೆ ಸೇರಿದ ರೈಫಲ್ ಕಳವಾಗಿದ್ದು ಮುಂದಿನ ನವೆಂಬರ್‌ನಲ್ಲಿ ಗೊತ್ತಾಗಬಹುದು. ಮೊದಲೇ ಗೊತ್ತಿರಲಿಲ್ಲ ಅಂತ ಸಾಬೀತು ಮಾಡೋದು ಹೇಗೆ? ದಂಡದ ಹೆದರಿಕೆಗೆ ಜನ ದೂರು ಕೊಡದೆ ಸುಮ್ಮನಾಗುತ್ತಾರೆ. ಪೊಲೀಸರಿಗೆ ಸಿಗಬೇಕಾದ ಸುಳಿವೂ ತಪ್ಪುತ್ತದೆ.

ಕದ್ದ ಬಂದೂಕು ಮಾರುವವರನ್ನು ಹಿಡಿಯಿರಿ. ಬೀಗಗಳನ್ನು ಉಚಿತವಾಗಿ ಹಂಚಿ, ಬಳಸೋದನ್ನು ಕಲಿಸಿ. ಈ ಮಸೂದೆಗಳನ್ನು ಶಾಸಕರು ಕೈಬಿಡಲಿ.

– ಒಬ್ಬ ಓದುಗ, ಪೆನ್ಸಿಲ್ವೇನಿಯಾ