‘ದಿನಕ್ಕೆ ಎರಡೇ’ ಎಂಬ ಸಮಾಧಾನ

ಮಾನ್ಯರೇ,

‘ಸಿಗರೇಟು ದಿನಕ್ಕೆ ಎರಡೇ ಎರಡು, ಅದೂ ಟೀ ಜೊತೆ’ ಎಂಬ ಮಾತು ಯಾವ ಗೂಡಂಗಡಿ ಮುಂದೆ ನಿಂತರೂ ಕಿವಿಗೆ ಬೀಳುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಮಟ್ಟಿಗೆ ಈ ಲೆಕ್ಕದಲ್ಲಿ ಕೊಂಚ ಹುರುಳಿದೆ. ಹೃದಯ ಮಾತ್ರ ಇದನ್ನು ಒಪ್ಪುವುದಿಲ್ಲ. 141 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪ್ರಕಟಿಸಿದ ವಿಶ್ಲೇಷಣೆಯಂತೆ, ದಿನಕ್ಕೆ 20 ಸಿಗರೇಟು ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೋ, ಒಂದೇ ಒಂದು ಸೇದುವವರಿಗೂ ಅದರ ಸುಮಾರು ಅರ್ಧದಷ್ಟು ಹೆಚ್ಚುತ್ತದೆ. ಇಪ್ಪತ್ತರಲ್ಲೊಂದು ಪಾಲಲ್ಲ, ಅರ್ಧ!

ರಕ್ತನಾಳದ ಒಳಪದರ ಸ್ವಲ್ಪ ಹೊಗೆಗೇ ಕೆಡುತ್ತದೆ. ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ತಯಾರಾಗುವುದು ಅಲ್ಲೇ. ಅದು ಕುಂದಿದರೆ ನಾಳ ಬಿಗಿಯುತ್ತದೆ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ನಿಕೋಟಿನ್ ನಾಡಿ, ಬಿಪಿ ಎರಡನ್ನೂ ಏರಿಸಿ ಹೃದಯದ ಕೆಲಸ ಹೆಚ್ಚಿಸುವ ಹೊತ್ತಿಗೇ, ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ರಕ್ತದ ಹಿಮೋಗ್ಲೋಬಿನ್ ಅನ್ನು ಹಿಡಿಯುವ, ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಹೃದಯಕ್ಕೆ ಸಿಗಬೇಕಾದ ಆಮ್ಲಜನಕವನ್ನು ತಪ್ಪಿಸುತ್ತದೆ. ನಾಳ ಅರ್ಧದಷ್ಟೂ ಕಟ್ಟಿಕೊಂಡಿರದಿದ್ದರೂ, ಅಲ್ಲಿನ ಕೊಬ್ಬಿನ ಪದರ ಬಿರಿದು ಹೆಪ್ಪು ಕೂತರೆ ಹೃದಯಾಘಾತವೇ. ಹಾಗಾಗಿ, ಹೆಚ್ಚಾಗಿ ದೊಡ್ಡ ಅಡ್ಡಿಯನ್ನಷ್ಟೇ ಹಿಡಿಯುವ ಟ್ರೆಡ್‌ಮಿಲ್ ಪರೀಕ್ಷೆ ಸರಿಯಿದೆ ಎಂಬುದು ಸೇದುವುದಕ್ಕೆ ಲೈಸೆನ್ಸ್ ಅಲ್ಲ.

ಬೀಡಿ ‘ಬರೀ ಎಲೆ’ ಎನ್ನುವವರಿಗೊಂದು ಮಾತು. ಆ ಎಲೆಯಲ್ಲಿ ಗಾಳಿಯಾಡದ್ದರಿಂದ, ಆರದಿರಲು ಪದೇ ಪದೇ ಎಳೆಯಲೇಬೇಕು. ಕೈಕಾಲಿನ ರಕ್ತನಾಳಗಳು ಉರಿಯೂತದಿಂದ ಕಟ್ಟಿಕೊಳ್ಳುವ ಬರ್ಜರ್ ಕಾಯಿಲೆ ಹಿಡಿಯುವುದು ಹೆಚ್ಚಾಗಿ 45 ದಾಟದ, ಹೊಗೆ ಸೇದುವ ಗಂಡಸರನ್ನು. ನಡೆದರೆ ಪಾದ, ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವ ನೋವು ಮೊದಲ ಸುಳಿವು. ಆಮೇಲೆ ಮಲಗಿದರೂ ನೋವು, ಬೆರಳಲ್ಲಿ ಮಾಯದ ಹುಣ್ಣು, ಕಪ್ಪು. ಪೂರ್ತಿ ಬಿಟ್ಟವರ ಕಾಲು ಬಹುಮಟ್ಟಿಗೆ ಉಳಿಯುತ್ತದೆ. ‘ಕಡಿಮೆ ಮಾಡಿದ್ದೇನೆ’ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ.

ಬಿಡಲು 2 ಮಿ.ಗ್ರಾಂ. ನಿಕೋಟಿನ್ ಗಮ್ ನೆರವಾಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿ.ಗ್ರಾಂ. ಬೇಕಾದೀತು. ಬಬಲ್‌ಗಮ್ಮಿನಂತೆ ಜಗಿದರೆ ನಿಕೋಟಿನ್ ಹೊಟ್ಟೆ ಸೇರಿ ಬಿಕ್ಕಳಿಕೆ, ಎದೆಯುರಿ. ಚುರುಗುಟ್ಟುವವರೆಗೆ ನಿಧಾನ ಜಗಿದು, ಕೆನ್ನೆ-ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಗು ಇಳಿದ ಮೇಲೆ ಮತ್ತೆ ಜಗಿಯಬೇಕು, ಹೀಗೆ ಅರ್ಧ ಗಂಟೆ. ಅದಕ್ಕೆ ಮೊದಲಿನ ಕಾಲು ಗಂಟೆ ಕಾಫಿ-ಟೀ ಬೇಡ. ಈಚೆಗೆ ಹೃದಯಾಘಾತ ಆದವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಲಿ. ಸಲಹೆಗೆ ಉಚಿತ ಸಹಾಯವಾಣಿ 1800 11 2356 ಇದೆ.

ಬಿಡಿ ಸಿಗರೇಟು ಮಾರಾಟಕ್ಕೆ ರಾಜ್ಯದಲ್ಲಿ 2017ರಲ್ಲೇ ನಿಷೇಧ ಬಂದಿದೆ. ಪೊಟ್ಟಣದ ಶೇ 85ರಷ್ಟು ಜಾಗದಲ್ಲಿರುವ ಎಚ್ಚರಿಕೆ, ಬಿಡಿಯಾಗಿ ಕೊಳ್ಳುವವನ ಕಣ್ಣಿಗೆ ಬೀಳುವುದೇ ಇಲ್ಲ. ದಂಡದ ರಸೀದಿ ಪುಸ್ತಕ ಹಿಡಿದ ಅಧಿಕಾರಿಗಳು ಸೇದುವವನನ್ನಷ್ಟೇ ಅಲ್ಲ, ಮಾರುವ ಡಬ್ಬಿಯನ್ನೂ ನೋಡಲಿ.

– ಹೃದ್ರೋಗ ವೈದ್ಯರೊಬ್ಬರು, ಹುಬ್ಬಳ್ಳಿ